ಟೀಕೆಗೆ ಸೆಕ್ಷನ್ ಹುಡುಕುವ ಸರ್ಕಾರಗಳು

‘ಓದೋಕೆ ಹೋಗಿದ್ದೀಯ, ಓದಿಕೊಂಡಿರು. ಸರ್ಕಾರದ ಬಗ್ಗೆ ಅದೂ ಇದೂ ಬರೆದು ಮೈಮೇಲೆ ಕೇಸು ಹಾಕಿಸಿಕೊಂಡರೆ ನಾಳೆ ಕೆಲಸ ಯಾರು ಕೊಡ್ತಾರೆ?’ ಹಾಸ್ಟೆಲಿನಲ್ಲಿ ಇದ್ದು ಓದುವ ಬಹುತೇಕರು ಮನೆಯಿಂದ ಕೇಳಿರುವ ಮಾತಿದು. ನನಗೂ ಹೇಳಿದ್ದಾರೆ. ಬಿ.ಇ. ಮೂರನೇ ವರ್ಷ ಎಂದರೆ ಪ್ಲೇಸ್‌ಮೆಂಟ್ ಕಣ್ಣೆದುರು ಇರುವ ಕಾಲ. ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕ್ರಿಕೆಟ್, ಸಿನಿಮಾ, ಇಂಟರ್ನಲ್ಸ್ ಮಾರ್ಕ್ಸ್ ಎಲ್ಲವೂ ಚರ್ಚೆಯಾಗುತ್ತದೆ. ಪರೀಕ್ಷಾ ಅಕ್ರಮ, ನೇಮಕಾತಿ ವಿಳಂಬ, ರಸ್ತೆಗುಂಡಿಯ ಮಾತು ಬಂದರೆ ಯಾರೋ ಒಬ್ಬರು ‘ಗ್ರೂಪಲ್ಲಿ ರಾಜಕೀಯ ಬೇಡ’ ಎನ್ನುತ್ತಾರೆ, ಇನ್ನೊಬ್ಬರು ಹಾಕಿದ್ದನ್ನು ಡಿಲೀಟ್ ಮಾಡುತ್ತಾರೆ.

ಈ ಹೆದರಿಕೆ ಸುಮ್ಮನೆ ಬಂದದ್ದೇ, ಇಲ್ಲ ಅದಕ್ಕೆ ಕಾರಣವಿದೆಯೇ? ಕಳೆದ ಹದಿನೈದು ವರ್ಷಗಳ ಕೆಲವು ಪ್ರಕರಣಗಳನ್ನು ಹಿಡಿದು ನೋಡಿದರೆ ಅಪ್ಪ–ಅಮ್ಮನ ಆತಂಕ ಪೂರ್ತಿ ಸುಳ್ಳಲ್ಲ ಎನಿಸುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡಿರುವುದೇ ಉತ್ತರ ಎಂದೂ ಅನಿಸುವುದಿಲ್ಲ.

ಮೊದಲು ಸಂವಿಧಾನ ಏನು ಹೇಳುತ್ತದೆ ನೋಡೋಣ. 19(1)(ಎ) ವಿಧಿ ಪ್ರತಿ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಟ್ಟಿದೆ. 19(2) ಅದಕ್ಕೆ ಮಿತಿ ಹಾಕಿದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ – ಈ ಎಂಟು ಕಾರಣಗಳಿಗಾಗಿ ಮಾತ್ರ, ಅದೂ ‘ಸಮಂಜಸ’ವಾದ ನಿರ್ಬಂಧ ಹೇರಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಪಟ್ಟಿ ಬಾಯಿಪಾಠ. ಆದರೆ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಬೇಕು. ‘ಮಂತ್ರಿಗೆ ಮುಜುಗರ’ ಅದರಲ್ಲಿಲ್ಲ. ‘ಸರ್ಕಾರಕ್ಕೆ ಕೆಟ್ಟ ಹೆಸರು’ ಇಲ್ಲ. ‘ಯಾರಿಗೋ ಬೇಸರ’ ಎಂಬುದೂ ಇಲ್ಲ.

ಬೇಸರವಾದರೂ ಜೈಲು

ಆ ‘ಬೇಸರ’ವನ್ನೇ ಅಪರಾಧ ಮಾಡಿದ ಕಾನೂನು ನಮ್ಮಲ್ಲಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯಿಂದ ಸೇರಿದ 66ಎ ಸೆಕ್ಷನ್ ಅದು. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ತೀರಾ ಅವಹೇಳನಕಾರಿಯಾದ ಸಂದೇಶ ಕಳಿಸಿದರೆ, ಸುಳ್ಳೆಂದು ಗೊತ್ತಿದ್ದೂ ಕಿರಿಕಿರಿ, ಅನನುಕೂಲ ಉಂಟುಮಾಡಲು ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಯಾವುದು ಅವಹೇಳನ, ಯಾವುದು ಕಿರಿಕಿರಿ ಎಂದು ಕಾಯ್ದೆ ಹೇಳಿರಲಿಲ್ಲ. ಹೇಳುವವರು ಠಾಣೆಯ ಇನ್‌ಸ್ಪೆಕ್ಟರ್.

2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕುರಿತ ವ್ಯಂಗ್ಯಚಿತ್ರವೊಂದನ್ನು ಇ–ಮೇಲ್‌ನಲ್ಲಿ ಕಳಿಸಿದರು. ಬಂಧನವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಬಾಳ ಠಾಕ್ರೆ ನಿಧನದ ನಂತರ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬರು ಫೇಸ್‌ಬುಕ್‌ನಲ್ಲಿ ಬರೆದರು. ಅವರ ಗೆಳತಿ ಅದಕ್ಕೊಂದು ಲೈಕ್ ಒತ್ತಿದರು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಲೈಕ್ ಒತ್ತಿದ್ದಕ್ಕೆ ಬಂಧನ!

ಈ ಸುದ್ದಿ ಓದಿ 21 ವರ್ಷದ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಬ್ರಿಟನ್‌ನಲ್ಲಿ ಖಗೋಳ ಭೌತಶಾಸ್ತ್ರ ಓದಿ ಬಂದಿದ್ದ ಅವರು ಆಮೇಲೆ ಕಾನೂನು ಓದಿದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಜೆ. ಚೆಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ 66ಎ ಸೆಕ್ಷನ್ ಅನ್ನು ಪೂರ್ತಿಯಾಗಿ ರದ್ದು ಮಾಡಿತು. ತೀರ್ಪಿನಲ್ಲಿ ಪೀಠ ಮಾತನ್ನು ಮೂರು ಮೆಟ್ಟಿಲಾಗಿ ನೋಡಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಅವುಗಳಿಗೆ ರಕ್ಷಣೆ ಇದೆ. ಮಾತು ಪ್ರಚೋದನೆಯ ಮೆಟ್ಟಿಲು ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬಹುದು.

ಸತ್ತ ಸೆಕ್ಷನ್ನಿನ ಕಾಟ

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 2021ರ ಜುಲೈನಲ್ಲಿ ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿನ ಗಮನಕ್ಕೆ ತಂದ ಸಂಗತಿ ಕೇಳಿ ತೀರ್ಪು ಕೊಟ್ಟಿದ್ದ ನ್ಯಾಯಮೂರ್ತಿ ನಾರಿಮನ್ ಅವರೇ ಆಘಾತ ವ್ಯಕ್ತಪಡಿಸಿದರು. ರದ್ದಾಗಿ ಆರು ವರ್ಷ ಕಳೆದ ಮೇಲೂ ಬೇರೆ ಬೇರೆ ರಾಜ್ಯಗಳ ಪೊಲೀಸರು 66ಎ ಅಡಿ ಎಫ್‌ಐಆರ್ ಹಾಕುತ್ತಲೇ ಇದ್ದರು. ಆಗ ಅಟಾರ್ನಿ ಜನರಲ್ ಕೊಟ್ಟ ವಿವರಣೆ ಹೀಗಿತ್ತು: ಮುದ್ರಿತ ಕಾಯ್ದೆ ಪುಸ್ತಕದಲ್ಲಿ ಸೆಕ್ಷನ್ ಹಾಗೇ ಇದೆ, ಅದು ರದ್ದಾಗಿದೆ ಎಂಬುದು ಅಡಿಟಿಪ್ಪಣಿಯಲ್ಲಿದೆ. ಸುಪ್ರೀಂ ಕೋರ್ಟಿನ ತೀರ್ಪು ಠಾಣೆಯ ಮೇಜಿಗೆ ತಲುಪುವಾಗ ಅಡಿಟಿಪ್ಪಣಿಯಾಗಿ ಕುಗ್ಗಿಹೋಗಿತ್ತು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ, ಯಾರನ್ನೂ ಈ ಸೆಕ್ಷನ್ ಅಡಿ ವಿಚಾರಣೆಗೆ ಒಳಪಡಿಸಬಾರದು ಎಂದು ಕೋರ್ಟ್ ಮತ್ತೊಮ್ಮೆ ಆದೇಶಿಸಬೇಕಾಯಿತು.

ಪ್ರಾಧ್ಯಾಪಕ ಮಹಾಪಾತ್ರ ಪ್ರಕರಣದಿಂದ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಒಂದು ಕಾರ್ಟೂನ್ ಫಾರ್ವರ್ಡ್ ಮಾಡಿದ್ದಕ್ಕೆ ಸುಮಾರು ಹನ್ನೊಂದು ವರ್ಷ ಕೋರ್ಟ್ ಅಲೆದಾಟ. ನಾವು ಈಗ ಓದುತ್ತಿರುವ ಪದವಿಯನ್ನು ಎರಡೂವರೆ ಸಲ ಮುಗಿಸುವಷ್ಟು ಕಾಲ!

ಮಕ್ಕಳ ನಾಟಕ, ಟೂಲ್‌ಕಿಟ್ ಮತ್ತು ರಾಜದ್ರೋಹ

ಇನ್ನೊಂದು ಸೆಕ್ಷನ್ ಇದಕ್ಕಿಂತ ಹಳೆಯದು. ಭಾರತೀಯ ದಂಡ ಸಂಹಿತೆಯ 124ಎ. ಬ್ರಿಟಿಷರು 1870ರಲ್ಲಿ ಸೇರಿಸಿದ್ದು. ಇದನ್ನು ಬಳಸಿಯೇ ತಿಲಕರನ್ನು 1897ರಲ್ಲಿ, ಮತ್ತೆ 1908ರಲ್ಲಿ ಶಿಕ್ಷಿಸಿದರು. 1922ರಲ್ಲಿ ಗಾಂಧೀಜಿಗೆ ಆರು ವರ್ಷ ಸಜೆಯಾಯಿತು. ಕನ್ನಡದಲ್ಲಿ ನಾವು ಇದನ್ನು ‘ದೇಶದ್ರೋಹ’ ಎಂದು ಬರೆಯುವುದು ರೂಢಿ. ಆದರೆ ಸೆಕ್ಷನ್ನಿನಲ್ಲಿದ್ದ ಮಾತು ಸರ್ಕಾರದ ಬಗ್ಗೆ ದ್ವೇಷ, ತಿರಸ್ಕಾರ ಹುಟ್ಟಿಸುವುದು ಎಂದು. ಅಂದರೆ ‘ರಾಜದ್ರೋಹ’. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗಬಹುದು, ದೇಶ ಬದಲಾಗುವುದಿಲ್ಲ. ಸರ್ಕಾರವನ್ನು ಬೈದವನನ್ನು ದೇಶಕ್ಕೆ ದ್ರೋಹ ಬಗೆದವನು ಎಂದು ಕರೆಯುವಾಗ ನಮ್ಮ ಭಾಷೆಯೇ ಸರ್ಕಾರದ ಪರ ವಾದ ಮಾಡಿಬಿಡುತ್ತದೆ.

ಹಿಂಸೆಗೆ ಪ್ರಚೋದನೆ ಅಥವಾ ಸಾರ್ವಜನಿಕ ಅಶಾಂತಿ ಉಂಟುಮಾಡುವ ಪ್ರವೃತ್ತಿ ಇದ್ದರೆ ಮಾತ್ರ ಈ ಸೆಕ್ಷನ್ ಅನ್ವಯವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಕಾಗದದ ಮೇಲೆ ಇದು ಸ್ಪಷ್ಟ. ನೆಲದ ಮೇಲೆ ಏನಾಯಿತು?

2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯನ್ನು ಅವಮಾನಿಸಲಾಗಿದೆ ಎಂಬ ದೂರಿನ ಮೇಲೆ ರಾಜದ್ರೋಹದ ಕೇಸು ದಾಖಲಾಯಿತು. ಶಾಲೆಯ ಮುಖ್ಯ ಶಿಕ್ಷಕಿ ಮತ್ತು ನಾಟಕದಲ್ಲಿದ್ದ ವಿದ್ಯಾರ್ಥಿನಿಯ ತಾಯಿಯನ್ನು ಬಂಧಿಸಿದರು. ಇಬ್ಬರೂ ಎರಡು ವಾರ ಜೈಲಿನಲ್ಲಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ಸಮವಸ್ತ್ರದಲ್ಲಿ, ಆಯುಧ ಹಿಡಿದು ಮಕ್ಕಳನ್ನು ಪ್ರಶ್ನಿಸಿದ್ದು ಬಾಲ ನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟ್ ಮುಂದೆ ಅಭಿಪ್ರಾಯಪಟ್ಟಿತು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ನಾಟಕದಲ್ಲಿ ಬಳಸಿದ ಮಾತು ಅವಹೇಳನಕಾರಿ, ಅದು ಸರಿಯಲ್ಲ, ಆದರೆ ಅದು ರಾಜದ್ರೋಹವೂ ಅಲ್ಲ ಎಂದಿತು. ಈ ತೀರ್ಪಿನ ಸಮತೋಲನ ನನಗೆ ಇಷ್ಟವಾಯಿತು. ಒಂದು ಮಾತು ಒರಟಾಗಿರಬಹುದು, ಶಾಲೆಯ ವೇದಿಕೆಗೆ ಒಪ್ಪದೇ ಇರಬಹುದು. ಅದನ್ನು ಹೇಳಲು ಪೋಷಕರ ಸಭೆ ಸಾಕು, ಜೀವಾವಧಿ ಶಿಕ್ಷೆಯವರೆಗೆ ಹೋಗುವ ಸೆಕ್ಷನ್ ಬೇಕಿಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ದೆಹಲಿ ಪೊಲೀಸರು ಬಂದು ಬಂಧಿಸಿ ಕರೆದೊಯ್ದರು. ರೈತರ ಹೋರಾಟಕ್ಕೆ ಬೆಂಬಲ ಕೋರುವ ‘ಟೂಲ್‌ಕಿಟ್’ ಎಂಬ ಆನ್‌ಲೈನ್ ದಾಖಲೆಯನ್ನು ತಿದ್ದಿ ಹಂಚಿದರು ಎಂಬುದು ಆರೋಪ. ಆಗ ಆಕೆ ನಮಗಿಂತ ಒಂದೆರಡು ವರ್ಷ ದೊಡ್ಡವರಷ್ಟೇ. ನಾವು ಮಿನಿ ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ನಾಲ್ಕು ಜನ ಸೇರಿ ಬಳಸುತ್ತೇವಲ್ಲ, ಅಂಥದ್ದೇ ಗೂಗಲ್ ಡಾಕ್ಯುಮೆಂಟ್ ಅದು. ಹತ್ತು ದಿನದ ಮೇಲೆ ಜಾಮೀನು ಕೊಟ್ಟ ದೆಹಲಿಯ ನ್ಯಾಯಾಧೀಶ ಧರ್ಮೇಂದರ್ ರಾಣಾ, ಸರ್ಕಾರಗಳ ಗಾಯಗೊಂಡ ಪ್ರತಿಷ್ಠೆಗೆ ಮುಲಾಮು ಹಚ್ಚಲು ರಾಜದ್ರೋಹದ ಆರೋಪ ಹೊರಿಸಲಾಗದು ಎಂಬರ್ಥದ ಮಾತು ಬರೆದರು.

2014ರಿಂದ 2019ರವರೆಗಿನ ಆರು ವರ್ಷಗಳಲ್ಲಿ ದೇಶದಲ್ಲಿ 326 ರಾಜದ್ರೋಹ ಪ್ರಕರಣಗಳು ದಾಖಲಾದವು. ಶಿಕ್ಷೆಯಾದದ್ದು ಆರು ಜನರಿಗೆ. ಇನ್ನೂ ಇತ್ಯರ್ಥವಾಗದ ಪ್ರಕರಣಗಳೂ ಅದರಲ್ಲಿರಬಹುದು. ಆದರೂ ಯಾವುದೇ ಯಂತ್ರ ಇಷ್ಟು ಕಡಿಮೆ ಫಲಿತಾಂಶ ಕೊಟ್ಟರೆ ಲ್ಯಾಬಿನಲ್ಲಿ ನಾವು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತೇವೆ: ಯಂತ್ರ ಕೆಟ್ಟಿದೆ, ಇಲ್ಲವೇ ಅದನ್ನು ಬೇರೆ ಯಾವುದೋ ಕೆಲಸಕ್ಕೆ ಬಳಸುತ್ತಿದ್ದಾರೆ.

ಈ ಸೆಕ್ಷನ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ತುಕೆರೆ ಒಬ್ಬರು. ದೇಶಕ್ಕಾಗಿ ಸೇನೆಯಲ್ಲಿ ದುಡಿದವರೇ ಈ ಕಾನೂನು ಬೇಡ ಎಂದಾಗ ಅವರನ್ನು ದೇಶದ್ರೋಹಿ ಎನ್ನುವುದು ಯಾರಿಗೂ ಸುಲಭವಿರಲಿಲ್ಲ. ಬಡಗಿಗೆ ಮರದ ತುಂಡು ಕೊಯ್ಯಲು ಗರಗಸ ಕೊಟ್ಟರೆ ಅವನು ಇಡೀ ಕಾಡನ್ನೇ ಕಡಿದಂತೆ ಇದರ ಬಳಕೆ ನಡೆದಿದೆ ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ವಿಚಾರಣೆಯಲ್ಲಿ ಹೋಲಿಕೆ ಕೊಟ್ಟಿದ್ದರು. 2022ರ ಮೇ 11ರಂದು ಕೋರ್ಟ್ 124ಎ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಪದ ಇಲ್ಲ. ಆದರೆ ಅದರ ಸೆಕ್ಷನ್ 152, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಮಾತು–ಬರಹಕ್ಕೆ ಜೀವಾವಧಿ ಅಥವಾ ಏಳು ವರ್ಷದವರೆಗಿನ ಸಜೆ ಇಟ್ಟಿದೆ. ದೇಶ ಒಡೆಯುವವರಿಗೆ ಶಿಕ್ಷೆ ಬೇಕು ಎಂಬುದರಲ್ಲಿ ತಕರಾರಿಲ್ಲ. ‘ಅಪಾಯ’ ಎಂದರೇನು ಎಂದು ಮೊದಲು ತೀರ್ಮಾನಿಸುವವರು ಮತ್ತೆ ಠಾಣೆಯವರೇ ಎಂಬುದು ಚಿಂತೆ.

ತೀರ್ಪಿಗಿಂತ ಮೊದಲೇ ಶಿಕ್ಷೆ

ಕೆಲವರು ಕೇಳುತ್ತಾರೆ: ಕೊನೆಗೆ ಕೋರ್ಟ್ ಬಿಡಿಸಿತಲ್ಲ, ಮತ್ತೇನು? ಕೆಲಸ ಹುಡುಕುವ ನಾವು ಈ ಪ್ರಶ್ನೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು.

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದ ಮೇಲೆ ತುಂಬುವ ದೃಢೀಕರಣ ನಮೂನೆಯಲ್ಲಿ ಎಂದಾದರೂ ಬಂಧನವಾಗಿದೆಯೇ, ಯಾವುದಾದರೂ ಪ್ರಕರಣ ಬಾಕಿ ಇದೆಯೇ ಎಂದು ಕೇಳುತ್ತಾರೆ. ಮುಚ್ಚಿಟ್ಟರೆ ಅದೇ ಕೆಲಸ ಕಳೆಯುವುದಕ್ಕೆ ಕಾರಣವಾಗಬಹುದು. ನಿಜ ಹೇಳಿದರೂ ನೇಮಿಸಿಕೊಳ್ಳುವವರು ಪ್ರಕರಣವನ್ನು ಪರಿಗಣಿಸಬಹುದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ಉದಾರವಾಗಿ ನೋಡಬಹುದು ಎಂದು ಅದರಲ್ಲಿದೆ. ಆದರೆ ಆ ವಿವೇಚನೆ ಉದ್ಯೋಗದಾತರದು, ನಮ್ಮದಲ್ಲ. ಇನ್ನು ಪಾಸ್‌ಪೋರ್ಟ್. ಕ್ರಿಮಿನಲ್ ಕೋರ್ಟಿನಲ್ಲಿ ವಿಚಾರಣೆ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿ ತಂದರೆ ಮಾತ್ರ ದಾರಿ. ಎಂ.ಎಸ್. ಮಾಡಲು ಹೊರಗೆ ಹೋಗಬೇಕೆಂದು ಕನಸು ಕಂಡವರಿಗೆ ಇದರ ಬಿಸಿ ಗೊತ್ತಾಗುತ್ತದೆ. ಖಾಸಗಿ ಕಂಪನಿಗಳೂ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ.

ವಕೀಲರ ಫೀಸು, ಕೋರ್ಟಿನ ಓಡಾಟ, ನೆಂಟರಿಷ್ಟರ ಪ್ರಶ್ನೆ, ತಂಗಿಯ ಮದುವೆ ಮಾತುಕತೆಯಲ್ಲಿ ಏಳುವ ಪಿಸುಮಾತು ಇವೆಲ್ಲ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಹಾಗಾಗಿ ಟೀಕಾಕಾರರನ್ನು ಸುಮ್ಮನಾಗಿಸಲು ಸರ್ಕಾರ ಕೇಸು ಗೆಲ್ಲಬೇಕಿಲ್ಲ, ದಾಖಲಿಸಿದರೆ ಸಾಕು. ಒಬ್ಬನ ಮೇಲೆ ದಾಖಲಿಸಿದರೆ ಅವನ ಕ್ಲಾಸಿನ ಅರವತ್ತು ಜನ ತಾವಾಗಿಯೇ ಡಿಲೀಟ್ ಬಟನ್ ಒತ್ತುತ್ತಾರೆ.

ಸದ್ದಿಲ್ಲದೆ ಮಾಯವಾಗುವ ಮಾತು

ಈಗ ಇನ್ನೊಂದು ದಾರಿ ತೆರೆದಿದೆ. ಅದಕ್ಕೆ ಪೊಲೀಸ್ ಜೀಪೂ ಬೇಡ. ಐ.ಟಿ. ಕಾಯ್ದೆಯ 69ಎ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಜಾಲತಾಣ, ಖಾತೆ, ಪೋಸ್ಟ್‌ಗಳನ್ನು ತಡೆಹಿಡಿಯಬಹುದು. 2014ರಲ್ಲಿ ಇಂಥ 471 ತಡೆಗಳಾಗಿದ್ದವು. 2022ರಲ್ಲಿ 6,775. ಭಯೋತ್ಪಾದನೆ, ವಂಚನೆಯ ವಿಷಯಗಳೂ ಇದರಲ್ಲಿ ಇರುತ್ತವೆ, ಎಲ್ಲವೂ ಟೀಕಾಕಾರರ ಪೋಸ್ಟ್ ಅಲ್ಲ. ಆದರೆ ಯಾವುದು ಎಷ್ಟು ಎಂದು ಜನರಿಗೆ ತಿಳಿಯುವ ದಾರಿಯಿಲ್ಲ. ಏಕೆಂದರೆ 2009ರ ನಿಯಮಗಳ 16ನೇ ನಿಯಮ ಈ ಆದೇಶಗಳನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ.

ಸ್ವಾರಸ್ಯವೆಂದರೆ ಶ್ರೇಯಾ ಸಿಂಘಾಲ್ ತೀರ್ಪು 69ಎ ಅನ್ನು ಎತ್ತಿಹಿಡಿದಿತ್ತು. ಅದರಲ್ಲಿ ಸಮಿತಿ ಇದೆ, ಅಹವಾಲು ಕೇಳುವ ವ್ಯವಸ್ಥೆ ಇದೆ, ಕಾರಣವನ್ನು ಬರೆದಿಡಬೇಕು, ಹಾಗಾಗಿ ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬುದು ಅದಕ್ಕೆ ಕೊಟ್ಟ ಕಾರಣ. ಆದರೆ ಬರೆದಿಟ್ಟ ಕಾರಣ ಕಪಾಟಿನಲ್ಲೇ ಇದ್ದರೆ ಪ್ರಶ್ನಿಸುವವರು ಯಾರು?

ಈ ವಿಷಯದ ದೊಡ್ಡ ಕಾನೂನು ಹೋರಾಟ ನಡೆದಿರುವುದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ. ಟ್ವಿಟರ್ ಕಂಪನಿ 2022ರಲ್ಲಿ ತಡೆ ಆದೇಶಗಳನ್ನು ಪ್ರಶ್ನಿಸಿತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಕಂಪನಿಗೆ ₹50 ಲಕ್ಷ ದಂಡವೂ ಬಿತ್ತು. ಆಮೇಲೆ ಕೇಂದ್ರ ಗೃಹ ಸಚಿವಾಲಯ ‘ಸಹಯೋಗ್’ ಎಂಬ ಪೋರ್ಟಲ್ ತಂದಿತು. ಐ.ಟಿ. ಕಾಯ್ದೆಯ 79(3)(ಬಿ) ಸೆಕ್ಷನ್ ಆಧಾರದಲ್ಲಿ ಅಧಿಕಾರಿಗಳು ಈ ಪೋರ್ಟಲ್ ಮೂಲಕ ನೇರವಾಗಿ ಕಂಪನಿಗಳಿಗೆ ‘ಇದನ್ನು ತೆಗೆಯಿರಿ’ ಎಂದು ಸೂಚಿಸಬಹುದು. ತೆಗೆಯದಿದ್ದರೆ ಬಳಕೆದಾರರು ಹಾಕಿದ್ದಕ್ಕೆ ಕಂಪನಿಯೂ ಹೊಣೆಯಾಗಬೇಕಾಗುತ್ತದೆ. ಈಗ ಎಕ್ಸ್ ಎಂಬ ಹೆಸರಿನ ಅದೇ ಕಂಪನಿ ಮತ್ತೆ ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರ್ 24ರಂದು ಅದೂ ವಜಾ. 19ನೇ ವಿಧಿಯ ಹಕ್ಕು ಇರುವುದು ನಾಗರಿಕರಿಗೆ, ವಿದೇಶಿ ಕಂಪನಿ ಅದನ್ನು ಕೇಳಲಾಗದು, ಸಾಮಾಜಿಕ ಮಾಧ್ಯಮಕ್ಕೆ ನಿಯಂತ್ರಣ ಬೇಕು ಎಂದು ಕೋರ್ಟ್ ಹೇಳಿತು. ಇದಾದ ಮೇಲೆ ಸರ್ಕಾರ ನಿಯಮ ತಿದ್ದಿ, 2025ರ ನವೆಂಬರ್ 15ರಿಂದ ಜಂಟಿ ಕಾರ್ಯದರ್ಶಿ ದರ್ಜೆಯವರು, ಪೊಲೀಸರಲ್ಲಾದರೆ ಡಿಐಜಿ ದರ್ಜೆಯವರು ಮಾತ್ರ ಕಾರಣ ಸಹಿತ ಇಂಥ ಸೂಚನೆ ಕೊಡಬೇಕು ಎಂದಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ತೀರ್ಮಾನಿಸುವವರು ಇನ್ನೂ ಸರ್ಕಾರದವರೇ, ನ್ಯಾಯಾಲಯವಲ್ಲ.

ಕಂಪನಿಗಳ ಮೇಲೆ ನನಗೇನೂ ಕನಿಕರವಿಲ್ಲ. ಅವುಗಳ ಲೆಕ್ಕಾಚಾರ ಲಾಭದ್ದು. ಆದರೆ ಕಂಪನಿ ಮತ್ತು ಸರ್ಕಾರದ ಜಗಳದಲ್ಲಿ ಪೋಸ್ಟ್ ಬರೆದ ನಾಗರಿಕ ಎಲ್ಲೂ ಕಾಣುವುದಿಲ್ಲ ಎಂಬುದು ನನ್ನ ತಕರಾರು. ನಾವು ಬರೆಯುವ ಸಣ್ಣ ಪ್ರೋಗ್ರಾಂ ಕೂಡ ಕೆಲಸ ನಿಲ್ಲಿಸಿದಾಗ ಒಂದು ಎರರ್ ಮೆಸೇಜ್ ಕೊಡುತ್ತದೆ, ಲಾಗ್ ಫೈಲಿನಲ್ಲಿ ಕಾರಣ ಬರೆದಿಡುತ್ತದೆ. ನಾಗರಿಕರ ಮಾತು ಅಳಿಸುವಾಗ ಅಷ್ಟೂ ಬೇಡವೇ? ಜೈಲಿಗೆ ಹಾಕಿದರೆ ಕೋರ್ಟಾದರೂ ಇದೆ. ಸದ್ದಿಲ್ಲದೆ ಅಳಿಸಿದರೆ ಯಾವ ಬಾಗಿಲು ಬಡಿಯಬೇಕು?

‘ಸರ್ಕಾರದ ಬಗ್ಗೆ ಯಾವುದು ಸುಳ್ಳು ಎಂದು ಸರ್ಕಾರವೇ ಹೇಳುತ್ತದೆ’ ಎಂಬ ಪ್ರಯತ್ನವೂ ನಡೆದಿತ್ತು. 2023ರ ಏಪ್ರಿಲ್‌ನ ಐ.ಟಿ. ನಿಯಮಗಳ ತಿದ್ದುಪಡಿಯಲ್ಲಿ ಕೇಂದ್ರದ ಫ್ಯಾಕ್ಟ್ ಚೆಕ್ ಘಟಕದ ಪ್ರಸ್ತಾವವಿತ್ತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಪ್ರಶ್ನಿಸಿದರು. ಬಾಂಬೆ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು, ಮೂರನೆಯವರು 2024ರ ಸೆಪ್ಟೆಂಬರ್ 20ರಂದು ಆ ನಿಯಮ ಸಂವಿಧಾನಬಾಹಿರ ಎಂದರು. ಪರೀಕ್ಷೆ ಬರೆದವನೇ ತನ್ನ ಉತ್ತರ ಪತ್ರಿಕೆ ತಿದ್ದಿಕೊಳ್ಳುವುದನ್ನು ಯಾವ ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲವಲ್ಲ!

ಎಲ್ಲ ಪಕ್ಷಗಳದೂ ಒಂದೇ ರೋಗ

ಇಲ್ಲಿಯವರೆಗೆ ಓದಿದವರಲ್ಲಿ ಕೆಲವರು ನಾನು ಯಾವ ಪಕ್ಷದವನು ಎಂದು ಲೆಕ್ಕ ಹಾಕುತ್ತಿರಬಹುದು. ಪಟ್ಟಿಯನ್ನು ಇನ್ನೊಮ್ಮೆ ನೋಡಿ. 66ಎ ತಂದದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. ಪಾಲ್ಘರ್ ಬಂಧನ ನಡೆದಾಗ ಮಹಾರಾಷ್ಟ್ರದಲ್ಲಿ ಇದ್ದದ್ದು ಕಾಂಗ್ರೆಸ್–ಎನ್‌ಸಿಪಿ ಆಡಳಿತ. ಕಾರ್ಟೂನ್ ಪ್ರಕರಣ ತೃಣಮೂಲ ಕಾಂಗ್ರೆಸ್ ಕಾಲದ್ದು. ಬೀದರ್ ಪ್ರಕರಣದ ವೇಳೆ ಇಲ್ಲಿ, ದಿಶಾ ರವಿ ಬಂಧನದ ವೇಳೆ ಕೇಂದ್ರದಲ್ಲಿ ಬಿಜೆಪಿ ಸರ್ಕಾರ. 2020ರ ನವೆಂಬರ್‌ನಲ್ಲಿ ಕೇರಳದ ಎಡರಂಗ ಸರ್ಕಾರ ಪೊಲೀಸ್ ಕಾಯ್ದೆಗೆ 118ಎ ಸೇರಿಸುವ ಸುಗ್ರೀವಾಜ್ಞೆ ತಂದಿತು. ಎಲ್ಲೆಡೆ ಟೀಕೆ ಬಂದು ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ನಮ್ಮ ರಾಜ್ಯದ ಈಗಿನ ಕಾಂಗ್ರೆಸ್ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು 2025ರ ಜೂನ್‌ನಲ್ಲಿ ಬಹಿರಂಗವಾದಾಗ ಅದರಲ್ಲಿ ಏಳು ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡದ ಮಾತಿತ್ತು.

ಇನ್ನೂ ಹಿಂದೆ ಹೋದರೆ 1975–77ರ ತುರ್ತು ಪರಿಸ್ಥಿತಿ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅವರಿಗೆ ಅಸ್ತಮಾ ಇತ್ತು. ಜೈಲಿನಲ್ಲಿ ಆರೋಗ್ಯ ಪೂರ್ತಿ ಹದಗೆಟ್ಟ ಮೇಲೆ ಬಿಟ್ಟರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ಸಾಬೀತಾಗಲಿಲ್ಲ.

ವಿರೋಧ ಪಕ್ಷದಲ್ಲಿದ್ದಾಗ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಷಣ, ಗೆದ್ದು ಬಂದ ಮೇಲೆ ಸೆಕ್ಷನ್ ಹುಡುಕಾಟ. ನಮ್ಮವರ ಮೇಲೆ ಕೇಸಾದರೆ ದಮನ, ಎದುರು ಪಕ್ಷದವರ ಮೇಲಾದರೆ ‘ಕಾನೂನು ತನ್ನ ಕೆಲಸ ಮಾಡುತ್ತದೆ’ ಎನ್ನುವ ನಾವೂ ಇದರಲ್ಲಿ ಪಾಲುದಾರರು. ನಾವು ಇಷ್ಟಪಡುವ ಸರ್ಕಾರದ ಕೈಗೆ ಇಂದು ಕೊಟ್ಟ ದೊಣ್ಣೆ, ನಾಳೆ ನಾವು ಇಷ್ಟಪಡದವರ ಕೈಗೆ ಹೋಗುತ್ತದೆ.

ಹಾಗಾದರೆ ಏನು ಬೇಕಾದರೂ ಹೇಳಬಹುದೇ?

ಇಲ್ಲ. ಸುಳ್ಳು ವದಂತಿಯಿಂದ ಜನ ಸತ್ತಿದ್ದಾರೆ. ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿ 2018ರ ಜುಲೈನಲ್ಲಿ ಇದೇ ಬೀದರ್ ಜಿಲ್ಲೆಯಲ್ಲಿ ಜನರ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಡೀಪ್‌ಫೇಕ್ ವಿಡಿಯೊಗಳಿಂದ ಹೆಣ್ಣುಮಕ್ಕಳ ಬದುಕು ಹಾಳಾಗುತ್ತಿದೆ. ಇವುಗಳಿಗೆ ಕಾನೂನು ಬೇಕು, ಬೇಗ ಕೆಲಸ ಮಾಡುವ ಪೊಲೀಸರೂ ಬೇಕು.

ಆದರೆ ಇಲ್ಲೊಂದು ವ್ಯತ್ಯಾಸವಿದೆ. ವದಂತಿಯಿಂದ ಸಾಯುವವನು ಸಾಮಾನ್ಯ ಮನುಷ್ಯ, ಅವನ ಬಳಿ ಉತ್ತರಿಸುವ ಶಕ್ತಿ ಇಲ್ಲ. ಸರ್ಕಾರದ ಬಳಿ ವಾರ್ತಾ ಇಲಾಖೆ ಇದೆ, ವಕ್ತಾರರಿದ್ದಾರೆ, ಜಾಹೀರಾತಿಗೆ ಹಣವಿದೆ. ತನ್ನ ಬಗ್ಗೆ ಸುಳ್ಳು ಹಬ್ಬಿದರೆ ಅದು ಅರ್ಧ ಗಂಟೆಯಲ್ಲಿ ದಾಖಲೆ ಮುಂದಿಟ್ಟು ಉತ್ತರಿಸಬಹುದು. ಉತ್ತರ ಕೊಡಬಲ್ಲವರು ಕೈಕೋಳ ತೆಗೆದರೆ, ಉತ್ತರ ಇಲ್ಲವೇನೋ ಎಂಬ ಅನುಮಾನ ಬರುವುದು ಸಹಜ.

ಕಂಟ್ರೋಲ್ ಸಿಸ್ಟಮ್ಸ್ ವಿಷಯದಲ್ಲಿ ನಮಗೆ ಮೊದಲು ಕಲಿಸುವುದೇ ಫೀಡ್‌ಬ್ಯಾಕ್. ಔಟ್‌ಪುಟ್ ಎಷ್ಟು ತಪ್ಪಿದೆ ಎಂದು ಅಳೆದು ಹಿಂದಕ್ಕೆ ಕಳಿಸಿದರೆ ಯಂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ. ಅದಕ್ಕೆ ‘ನೆಗೆಟಿವ್ ಫೀಡ್‌ಬ್ಯಾಕ್’ ಎನ್ನುತ್ತಾರೆ. ಹೆಸರು ನೆಗೆಟಿವ್ ಆದರೂ ಯಂತ್ರವನ್ನು ಹತೋಟಿಯಲ್ಲಿಡುವುದು ಅದೇ. ಬರೀ ಹೊಗಳಿಕೆಯಂಥ ಪಾಸಿಟಿವ್ ಫೀಡ್‌ಬ್ಯಾಕ್ ಹೆಚ್ಚಾದರೆ ಸಿಸ್ಟಮ್ ಹಿಡಿತ ತಪ್ಪುತ್ತದೆ. ಪ್ರಶ್ನೆಪತ್ರಿಕೆ ಸೋರಿಕೆಯ ಬಗ್ಗೆ ಅಭ್ಯರ್ಥಿ ಬರೆದ ಸಿಟ್ಟಿನ ಪೋಸ್ಟ್, ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಎಂದು ರೋಗಿಯ ಮಗ ಹಾಕಿದ ವಿಡಿಯೊ ಸರ್ಕಾರಕ್ಕೆ ಸಿಗುವ ಅಂಥ ಅಳತೆಗಳು. ಆ ತಂತಿಯನ್ನು ಕತ್ತರಿಸಿದರೆ ತಪ್ಪು ನಿಲ್ಲುವುದಿಲ್ಲ, ತಪ್ಪು ಗೊತ್ತಾಗುವುದು ಮಾತ್ರ ನಿಲ್ಲುತ್ತದೆ.

ನಮಗೆ ಗೊತ್ತಿರಬೇಕಾದದ್ದು

ಹೆದರಿಕೆಗೆ ದೊಡ್ಡ ಕಾರಣ ಕಾನೂನು ಗೊತ್ತಿಲ್ಲದಿರುವುದು. ಕೆಲವು ಸಂಗತಿಗಳು ಪ್ರತಿ ವಿದ್ಯಾರ್ಥಿಗೂ ತಿಳಿದಿರಬೇಕು.

ಒಂದು, ಏಳು ವರ್ಷದವರೆಗೆ ಶಿಕ್ಷೆ ಇರುವ ಆರೋಪಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸುವಂತಿಲ್ಲ. ಬಂಧನ ಏಕೆ ಬೇಕು ಎಂದು ಕಾರಣ ಬರೆಯಬೇಕು, ಬೇಡವಾದರೆ ಹಾಜರಾಗಲು ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಹೇಳಿದೆ. ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3)ರಲ್ಲಿ ಈ ನೋಟಿಸಿನ ವ್ಯವಸ್ಥೆ ಇದೆ.

ಎರಡು, ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಭೇಟಿಯಾಗಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಪೊಲೀಸರ ಔದಾರ್ಯವಲ್ಲ, ಸಂವಿಧಾನದ 22ನೇ ವಿಧಿ.

ಮೂರು, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ನಡೆಸಲು 173(3) ಅವಕಾಶ ಕೊಡುತ್ತದೆ. ಮಾತು–ಬರಹದ ಪ್ರಕರಣಗಳಲ್ಲಿ ಹೀಗೆ ಮಾಡುವುದೇ ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಸಂಸದ ಇಮ್ರಾನ್ ಪ್ರತಾಪಗಢಿ ಅವರ ಕವಿತೆಯ ಪ್ರಕರಣದಲ್ಲಿ ಹೇಳಿದೆ. ಒಂದು ಬರಹವನ್ನು ಗಟ್ಟಿ ಮನಸ್ಸಿನ, ಧೈರ್ಯವಂತರ ಕಣ್ಣಿನಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಬೆದರಿಕೆ ಕಾಣುವವರ ಕಣ್ಣಿನಿಂದಲ್ಲ ಎಂದೂ ಅದು ಹೇಳಿತು.

ನಾಲ್ಕು, ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ. ಸಹಾಯವಾಣಿ 15100.

ನಮ್ಮ ಕಡೆಯಿಂದಲೂ ಒಂದು ಶಿಸ್ತು ಬೇಕು. ಬರೆಯುವ ಮುಂಚೆ ಸಂಗತಿ ಸರಿಯೇ ಎಂದು ನೋಡೋಣ. ವ್ಯಕ್ತಿಯ ಜಾತಿ, ಧರ್ಮ, ಮನೆಯವರನ್ನು ಎಳೆಯದೆ ಕೆಲಸವನ್ನು ಟೀಕಿಸೋಣ. ಆದೇಶ, ದಿನಾಂಕ, ಆರ್‌ಟಿಐ ಉತ್ತರ ಕೈಯಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆಗೆ ಸೆಕ್ಷನ್ ಹಚ್ಚುವುದು ಕಷ್ಟ. ಗೆಳೆಯನ ಮೇಲೆ ಕೇಸಾದಾಗ ಗ್ರೂಪಿನಿಂದ ಅವನನ್ನು ತೆಗೆದುಹಾಕುವ ಬದಲು ಅವನ ಜೊತೆ ಠಾಣೆಯವರೆಗೆ ಹೋಗಿ ಬರೋಣ. ಒಬ್ಬಂಟಿಯಾದವನನ್ನು ಹೆದರಿಸುವುದು ಸುಲಭ.

66ಎ ಬಿದ್ದದ್ದು ಯಾವ ಸರ್ಕಾರವೂ ಮನಸ್ಸು ಬದಲಿಸಿದ್ದರಿಂದಲ್ಲ. ನಮ್ಮ ವಯಸ್ಸಿನ ಒಬ್ಬ ಹುಡುಗಿ ‘ಲೈಕ್ ಒತ್ತಿದ್ದಕ್ಕೆ ಬಂಧನವೇ?’ ಎಂದು ಕೇಳಿದ್ದರಿಂದ. ರಾಜದ್ರೋಹದ ಸೆಕ್ಷನ್ ತಡೆಯಲ್ಲಿ ನಿಂತದ್ದು ಮೈಸೂರಿನ ನಿವೃತ್ತ ಸೇನಾಧಿಕಾರಿಯಂಥವರು ‘ಇದು ಬೇಕೇ?’ ಎಂದು ಕೇಳಿದ್ದರಿಂದ. ಮನೆಯವರು ‘ಸುಮ್ಮನಿರು’ ಎಂದಾಗ ಅವರ ಪ್ರೀತಿ ಅರ್ಥವಾಗುತ್ತದೆ. ಆದರೆ ಅಂಥ ಮಾತು ಹೇಳಬೇಕಾದ ಸ್ಥಿತಿ ಮುಂದಿನ ಬ್ಯಾಚಿನವರ ಅಪ್ಪ–ಅಮ್ಮನಿಗೆ ಬರಬಾರದು ಎಂದಿದ್ದರೆ, ಸರಿಯಾಗಿ ತಿಳಿದುಕೊಂಡು ಕೇಳುವ ಕೆಲಸವನ್ನು ನಾವು ಮಾಡಲೇಬೇಕು.